ಶಿಯಾನ್‌ಗೆ ವಿದೇಶಿ ವಿದ್ಯಾರ್ಥಿಗಳ ಎರಡು ದಿನದ ಪ್ರವಾಸ: ಒಂದು ದಿನ ಪರಂಪರೆ, ಒಂದು ದಿನ ಆಧುನಿಕ ತಂತ್ರಜ್ಞಾನ ಅಂತ ಹಂಚಿದರೆ ಸರಿಹೋಗುತ್ತದೆಯೇ?

ನಿಮ್ಮ ಪ್ರಶ್ನೆ ಹೀಗಿದೆ: ನಲವತ್ತು ಜನ, ಎರಡು ದಿನ, ಚೀನಾದ ಝೆಂಗ್‌ಝೌನಿಂದ ಹೊರಟು ಶಿಯಾನ್. ಮೊದಲ ದಿನ ಮಣ್ಣಿನ ಸೈನಿಕರು (ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಬಳಿ ಹೂತಿಟ್ಟಿದ್ದ ಟೆರಾಕೋಟಾ ಸೈನ್ಯ), ಎರಡನೇ ದಿನಕ್ಕೆ ರೋಬೋಟ್ ಪ್ರದರ್ಶನವೋ ವಿಆರ್ ಶೋನೋ ಅಂತ ತಲೆಬಿಸಿ. ಓದುತ್ತಿದ್ದ ಹಾಗೇ ನನ್ನ ಹಳೆಯ ಎಕ್ಸೆಲ್ ಶೀಟ್ ಕಣ್ಣ ಮುಂದೆ ಬಂತು. ನಾವೂ ಹಿಂದೆ ಇಂಥದ್ದೇ ಪ್ರವಾಸ ಹೋಗಿದ್ದೆವು: 38 ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಏಳು ದೇಶ. ಚೀನೀ ಭಾಷೆ ಅಷ್ಟಿಷ್ಟು ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಪಟ್ಟಿ, ಬುಕಿಂಗ್, ಹೊಣೆ ಎಲ್ಲ ನನ್ನ ತಲೆಗೆ ಬಿತ್ತು.

ನೀವು ಕೇಳಿದ್ದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಾಸ್‌ಪೋರ್ಟ್ ನಂಬರ್ ವಿಷಯ.

ಚೀನಾದಲ್ಲಿ ಟಿಕೆಟ್ ಅಂದರೆ ಕಾಗದವಲ್ಲ, ನಿಮ್ಮ ಪಾಸ್‌ಪೋರ್ಟೇ ಟಿಕೆಟ್. ರೈಲು, ಮ್ಯೂಸಿಯಂ, ಹೋಟೆಲ್, ಎಲ್ಲವೂ ಅಸಲಿ ಹೆಸರು ಮತ್ತು ನಂಬರಿನ ಮೇಲೆ ನಡೆಯುತ್ತವೆ. ನಂಬರಿನಲ್ಲಿ ಒಂದು ಅಂಕಿ ತಪ್ಪಿತೋ, ಆ ಟಿಕೆಟ್ ಇಲ್ಲದ ಮನುಷ್ಯನೊಬ್ಬನ ಹೆಸರಿಗೆ ಹೋಯಿತು ಅಂತಲೇ ಲೆಕ್ಕ. ನಾನು ಮಾಡಿದ ತಪ್ಪು ಇಷ್ಟೇ: ನಂಬರುಗಳನ್ನು ಪಾಸ್‌ಪೋರ್ಟಿನಿಂದ ತೆಗೆದುಕೊಳ್ಳದೆ ಕಾಲೇಜಿನ ದಾಖಲಾತಿ ಪಟ್ಟಿಯಿಂದ ಕಾಪಿ ಹೊಡೆದೆ. ರೈಲಿನ ಟಿಕೆಟ್ ಅವರವರೇ ತಮ್ಮ 12306 ಅನ್ನುವ ಚೀನಾ ರೈಲ್ವೆಯ ಆ್ಯಪ್‌ನಲ್ಲಿ ತೆಗೆದಿದ್ದರು, ಹಾಗಾಗಿ ಸ್ಟೇಷನ್‌ನಲ್ಲಿ ಏನೂ ತೊಂದರೆ ಕಾಣಲಿಲ್ಲ. ಮ್ಯೂಸಿಯಂ ಬುಕಿಂಗ್ ಮಾತ್ರ ನನ್ನ ಶೀಟಿನಿಂದ ಆಗಿತ್ತು. ಗೇಟಿನಲ್ಲಿ ಮೂವರು ಸಿಕ್ಕಿಬಿದ್ದರು.

ಒಬ್ಬನ ನಂಬರ್ ಸೊನ್ನೆಯಿಂದ ಶುರುವಾಗುತ್ತಿತ್ತು; ಸೆಲ್ ಅನ್ನು ಟೆಕ್ಸ್ಟ್ ಅಂತ ಗುರುತು ಮಾಡದ ಕಾರಣ ಎಕ್ಸೆಲ್ ಆ ಸೊನ್ನೆಯನ್ನು ನುಂಗಿ ಹಾಕಿತ್ತು. ಇನ್ನೊಬ್ಬಳು ರಜೆಯಲ್ಲಿ ಊರಿಗೆ ಹೋಗಿ ಪಾಸ್‌ಪೋರ್ಟ್ ನವೀಕರಿಸಿಕೊಂಡು ಬಂದಿದ್ದಳು, ಕಾಲೇಜಿನ ಪಟ್ಟಿಯಲ್ಲಿ ಹಳೆಯ ನಂಬರೇ ಕೂತಿತ್ತು. ಮೂರನೆಯವನು ನಮ್ಮ ಹಾಸನದ ಹುಡುಗ. ಅವನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆಯ ಹೆಸರುಗಳ ಕಥೆ ಗೊತ್ತಲ್ಲ, ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರುವುದಿಲ್ಲ. ಕಾಲೇಜಿನವರು ಖಾಲಿ ಬಿಡಲಾಗದೆ ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿ ಕೂರಿಸಿದ್ದರು. ಬುಕಿಂಗ್‌ನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಗೇಟಿನವರದ್ದು ತಪ್ಪಿಲ್ಲ, ಅವರ ಪರದೆ ತೋರಿಸಿದ್ದನ್ನೇ ಅವರು ಹೇಳಿದರು.

ಏಪ್ರಿಲ್ ಶನಿವಾರ. ಆ ದಿನದ ಟಿಕೆಟ್ ಖಾಲಿಯಾಗಿತ್ತು, ಹೊಸದಾಗಿ ತೆಗೆಯಲೂ ದಾರಿಯಿಲ್ಲ. ತಿದ್ದುಪಡಿ ಕಿಟಕಿಯಲ್ಲಿ ಕಾಲೇಜಿನ ಪತ್ರ, ಗುಂಪಿನ ಬುಕಿಂಗ್, ಪಾಸ್‌ಪೋರ್ಟ್ ಎಲ್ಲ ತೋರಿಸಿ ಮೂವರನ್ನೂ ಒಳಗೆ ಬಿಡಿಸುವ ಹೊತ್ತಿಗೆ 1 ಗಂಟೆ 50 ನಿಮಿಷ ಹೋಗಿತ್ತು. ಬಸ್ಸಿನ ಸಮಯ ಮೊದಲೇ ನಿಗದಿ. ಅದರಿಂದ ತಪ್ಪಿದ್ದು ಏನು ಅಂದರೆ ಕಂಚಿನ ರಥಗಳು, ಅಂದರೆ ಇಡೀ ಪ್ರವಾಸದಲ್ಲಿ ಇಂಜಿನಿಯರಿಂಗ್ ಓದುವವರು ನೋಡಲೇಬೇಕಾಗಿದ್ದ ವಸ್ತು.

ನೀವು ಹೀಗೆ ಮಾಡಿ. ಪಾಸ್‌ಪೋರ್ಟಿನ ಫೋಟೋ ಇರುವ ಪುಟದ ತಳದಲ್ಲಿ ಯಂತ್ರ ಓದುವ ಎರಡು ಸಾಲು ಇರುತ್ತವೆ. ಎರಡನೇ ಸಾಲಿನ ಮೊದಲ 9 ಸ್ಥಾನ ಪಾಸ್‌ಪೋರ್ಟ್ ನಂಬರ್. ಭಾರತದ್ದು ಒಂದು ಅಕ್ಷರ, ಏಳು ಅಂಕಿ, ಒಟ್ಟು 8. ಒಂಬತ್ತನೇ ಜಾಗದಲ್ಲಿ ಬರುವ ಕೋನದ ಚಿಹ್ನೆ (<) ಬರೀ ಭರ್ತಿಗೆ, ಅದನ್ನು ಬರೆಯಬೇಡಿ. ಹತ್ತನೆಯದು ತಪಾಸಣೆ ಅಂಕಿ. ಅದೂ ನಂಬರಿನ ಭಾಗವಲ್ಲ, ಆದರೆ ನಿಮಗೆ ಬೇಕಾದದ್ದು ಅದೇ. ಅಂಕಿಗಳಿಗೆ ಅವುಗಳದೇ ಬೆಲೆ, ಎ ಅಂದರೆ 10, ಬಿ 11, ಹೀಗೆ ಝಡ್ 35ರವರೆಗೆ, ಭರ್ತಿ ಚಿಹ್ನೆಗೆ ಸೊನ್ನೆ. ಎಡದಿಂದ 7, 3, 1, ಮತ್ತೆ 7, 3, 1 ಅಂತ ಗುಣಿಸುತ್ತಾ ಹೋಗಿ, ಕೂಡಿ, ಮೊತ್ತದ ಕೊನೆಯ ಅಂಕಿ ನೋಡಿ. ಅದು ಹತ್ತನೇ ಸ್ಥಾನದ ಅಂಕಿಗೆ ಹೊಂದಬೇಕು. ಅಂತಾರಾಷ್ಟ್ರೀಯ ಮಾದರಿ ಪಾಸ್‌ಪೋರ್ಟಿನ ನಂಬರ್ ಎಲ್898902ಸಿ3. ಎಲ್ ಬೆಲೆ 21; ಗುಣಿಸಿದರೆ ಕ್ರಮವಾಗಿ 147, 24, 9, 56, 27, 0, 14, 36, 3. ಮೊತ್ತ 316, ಕೊನೆಯ ಅಂಕಿ 6. ಆ ಮಾದರಿಯಲ್ಲಿ ಹತ್ತನೇ ಸ್ಥಾನದಲ್ಲಿರುವುದೂ 6. ಶೀಟಿನಲ್ಲಿ ಒಂದು ಸೂತ್ರ ಬರೆದರೆ ನಲವತ್ತು ಸಾಲು ಒಂದೇ ಏಟಿಗೆ ತಪಾಸಣೆ ಆಗುತ್ತದೆ. ಸೊನ್ನೆಯ ಜಾಗದಲ್ಲಿ 'ಓ' ಬರೆದಿದ್ದರೆ ಖಂಡಿತ ಸಿಕ್ಕಿಬೀಳುತ್ತದೆ. ನುಂಗಿದ ಸೊನ್ನೆ ಹತ್ತಕ್ಕೊಂದು ಸಲ ತಪ್ಪಿಸಿಕೊಂಡೀತು, ಅದಕ್ಕೆ ಅಕ್ಷರಗಳ ಎಣಿಕೆಯನ್ನೂ ನೋಡಿ. ನಂಬರ್ ಅಂಟಿಸುವ ಮೊದಲೇ ಆ ಕಾಲಮ್ ಅನ್ನು ಟೆಕ್ಸ್ಟ್ ಮಾಡಿಡಿ. ಆಮೇಲೆ ಮಾಡಿದರೆ ಹೋದ ಸೊನ್ನೆ ವಾಪಸ್ ಬರುವುದಿಲ್ಲ.

ಹಳೆಯ ಪಾಸ್‌ಪೋರ್ಟನ್ನು ಈ ಲೆಕ್ಕ ಹಿಡಿಯುವುದಿಲ್ಲ, ಹಳೆಯ ನಂಬರೂ ಲೆಕ್ಕದ ಪ್ರಕಾರ ಸರಿಯೇ ಇರುತ್ತದೆ. ಅದಕ್ಕೆ ಬುಕಿಂಗ್ ಮಾಡುವ ದಿನ ಎಲ್ಲರನ್ನೂ ಕೂರಿಸಿ, ಜೊತೆಗೆ ತರುವ ಪಾಸ್‌ಪೋರ್ಟನ್ನೇ ತೆರೆಸಿ, ನಂಬರ್ ಗಟ್ಟಿಯಾಗಿ ಓದಿಸಿ. ಹೆಸರನ್ನೂ ಯಂತ್ರ ಓದುವ ಆ ಎರಡರಲ್ಲಿ ಮೊದಲ ಸಾಲಿನಿಂದ ಬರೆದುಕೊಳ್ಳಿ. ಸರ್‌ನೇಮ್ ಖಾಲಿ ಇರುವವರದ್ದು ಅಲ್ಲಿ ಹೇಗಿದೆಯೋ ಹಾಗೇ ಇರಲಿ, ನೀವು ಅಪ್ಪನ ಹೆಸರು ಸೇರಿಸಬೇಡಿ. ಅದೇ ಪುಟಗಳ ಫೋಟೋಗಳನ್ನು ಹೋಟೆಲಿಗೂ ಹಿಂದಿನ ದಿನ ಕಳಿಸಿ. ಒಬ್ಬೊಬ್ಬರ ನೋಂದಣಿಗೆ ಎರಡು ನಿಮಿಷ ಅಂದರೂ ನಲವತ್ತು ಜನಕ್ಕೆ 80 ನಿಮಿಷ ಕೌಂಟರ್ ಮುಂದೆ ನಿಲ್ಲಬೇಕು. ಕೆಲಸ ಮುಗಿದ ಮೇಲೆ ಫೋಟೋಗಳನ್ನೆಲ್ಲ ಡಿಲೀಟ್ ಮಾಡಿ.

ಈಗ ನಿಮ್ಮ ಪ್ರಶ್ನೆ. ಪರಂಪರೆಗೊಂದು ದಿನ, ತಂತ್ರಜ್ಞಾನಕ್ಕೊಂದು ದಿನ ಅನ್ನುವ ಹಂಚಿಕೆಯೇ ನನಗೆ ಒಪ್ಪಿಗೆಯಿಲ್ಲ. ಕಾಫಿ ಮಾಡಿಕೊಡುವ ರೋಬೋಟನ್ನು ನೋಡಲು ಶಿಯಾನ್‌ವರೆಗೆ ಯಾಕೆ ಹೋಗಬೇಕು? ಅದು ನಿಮ್ಮ ಊರಿನ ಮಾಲ್‌ನಲ್ಲೇ ಇದೆ. ಎರಡೂ ದಿನ ಒಂದೇ ವಸ್ತುವನ್ನು ಹಿಡಿದುಕೊಂಡು ಹೋಗಿ: ಅಲ್ಲಿನ ಹಳದಿ ಮಣ್ಣು. ಲೋಯೆಸ್ ಅನ್ನುತ್ತಾರೆ, ಗಾಳಿ ಹೊತ್ತು ತಂದು ಗುಡ್ಡೆ ಹಾಕಿದ ನಯ ಮಣ್ಣು. ಒಣಗಿದ್ದಾಗ ನೆಟ್ಟಗೆ ಗೋಡೆಯಂತೆ ನಿಲ್ಲುತ್ತದೆ, ಒದ್ದೆಯಾದರೆ ಕುಸಿಯುತ್ತದೆ. ಅಲ್ಲಿಯ ಹಳತು ಹೊಸತು ಎರಡೂ ಈ ಒಂದು ಗುಣದ ಜೊತೆ ಗುದ್ದಾಡಿ ಹುಟ್ಟಿದವು.

ಪಾಠ ರೈಲಿನಲ್ಲೇ ಶುರು. ನೀವು ಹೋಗುವ ಝೆಂಗ್‌ಝೌ–ಶಿಯಾನ್ ಹೈಸ್ಪೀಡ್ ಮಾರ್ಗ 2010ರ ಫೆಬ್ರವರಿಯಲ್ಲಿ ಶುರುವಾಯಿತು, ಇದೇ ಕುಸಿಯುವ ಮಣ್ಣಿನ ಮೇಲೆ ಕಟ್ಟಿದ್ದು. ಸುಮಾರು ಎರಡು, ಎರಡೂವರೆ ಗಂಟೆಯ ದಾರಿ. ಕಿಟಕಿಯಿಂದ ಕೊರಕಲು ಬಿದ್ದ ಹಳದಿ ದಿಬ್ಬಗಳು ಕಾಣುತ್ತವೆ, ಆಗಲೇ ಮಣ್ಣಿನ ಕಥೆ ಹೇಳಿಬಿಡಿ.

ಮಣ್ಣಿನ ಸೈನಿಕರ ಬಳಿ ಗುಂಪನ್ನು ಎರಡು ಮಾಡಿ, ಇಪ್ಪತ್ತಿಪ್ಪತ್ತು ಜನ, 20 ನಿಮಿಷದ ಅಂತರ. ಸೈನಿಕರು ಸಿಕ್ಕ ಗುಂಡಿಗಳು ಮೂರು; ಎಲ್ಲರೂ ನೇರ 1ನೇ ಗುಂಡಿಗೆ ನುಗ್ಗಿ ಮುಂದಿನ ಕಟಕಟೆಯಲ್ಲಿ ಸೆಲ್ಫಿಗೆ ಜೋತುಬೀಳುತ್ತಾರೆ. ನೀವು 3, 2, ಕೊನೆಗೆ 1 ಅಂತ ಹೋಗಿ. 1ನೇ ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ. ಸೈನಿಕರ ಸಾಲುಗಳ ನಡುವಿನ ಮಣ್ಣಿನ ಗೋಡೆಗಳ ನೆತ್ತಿಯನ್ನು ನೋಡಿ ಅಂತ ಹುಡುಗರಿಗೆ ಹೇಳಿ. ಅದು ಮಟ್ಟಸವಾಗಿಲ್ಲ, ಅಲೆಅಲೆಯಾಗಿದೆ. ಮೇಲೆ ಸಾಲಾಗಿ ಹಾಸಿದ್ದ ಮರದ ತೊಲೆಗಳು ಹೋದವು, ಅವುಗಳ ಅಚ್ಚು ಮಾತ್ರ ಮಣ್ಣಿನಲ್ಲಿ ಉಳಿದಿದೆ. ಸೈನಿಕರು ಸಿಕ್ಕಿದ್ದು ಚೂರುಚೂರಾಗಿ, ಕಾರಣ ಆ ಚಾವಣಿ ಅವರ ಮೇಲೇ ಬಿದ್ದದ್ದು. ಗುಂಡಿಯ ಹಿಂಭಾಗಕ್ಕೆ ಹೋದರೆ ಜೋಡಣೆಯ ಹಂತದಲ್ಲಿರುವ ಸೈನಿಕರು ನಿಂತಿದ್ದಾರೆ, ಪಟ್ಟಿ ಕಟ್ಟಿಸಿಕೊಂಡು, ಚೀಟಿ ಅಂಟಿಸಿಕೊಂಡು. ಅಲ್ಲಿ ಜನ ಕಡಿಮೆ, ಅರ್ಧ ಗಂಟೆ ಅಲ್ಲಿಗೇ ಇಡಿ.

ಅಲ್ಲಿ ಹೇಳಬೇಕಾದ ಮಾತು ಬಣ್ಣದ್ದು. ಈ ಸೈನಿಕರು ಮಣ್ಣಿನ ಬಣ್ಣದಲ್ಲಿ ಇರಲಿಲ್ಲ. ಕೆಂಪು, ಹಸಿರು, ನೇರಳೆ ಬಳಿದಿದ್ದರು. ನೇರಳೆಯಂತೂ ಬೇರಿಯಂ ಮತ್ತು ತಾಮ್ರದ ಸಿಲಿಕೇಟ್, ಕುಲುಮೆಯಲ್ಲಿ ಕಾಯಿಸಿ ಮಾಡಿದ ಕೃತಕ ಬಣ್ಣ. ಬಣ್ಣದ ಅಡಿಗೆ ಲ್ಯಾಕರ್ ಮರದ ಹಾಲಿನ ಲೇಪ. ಎರಡು ಸಾವಿರ ವರ್ಷ ತೇವದ ಮಣ್ಣಿನಲ್ಲಿದ್ದ ಆ ಲೇಪ ಒಣಗಾಳಿ ತಾಕಿದ ಕೆಲವೇ ನಿಮಿಷಗಳಲ್ಲಿ ಕುಗ್ಗಿ, ಸುರುಳಿ ಸುತ್ತಿ, ಬಣ್ಣವನ್ನೂ ಎಬ್ಬಿಸಿಕೊಂಡು ಉದುರುತ್ತದೆ. ಈಗ ತೆಗೆದ ಕೂಡಲೇ ತೇವ ಹಿಡಿದಿಟ್ಟು, ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ರಾಸಾಯನಿಕ ಕುಡಿಸಿ, ನೀರಿದ್ದ ಜಾಗವನ್ನು ಅದರಿಂದ ತುಂಬುತ್ತಾರೆ. ಸಮಾಧಿ ದಿಬ್ಬವನ್ನು ಇನ್ನೂ ಅಗೆಯದೆ ಬಿಟ್ಟಿರುವುದಕ್ಕೆ ಇಂಥ ಹಾನಿಯ ಭಯವೂ ಒಂದು ಕಾರಣ. ನಿಮಗೆ ಬೇಕಾದ ಆಧುನಿಕ ತಂತ್ರಜ್ಞಾನ ಇಲ್ಲೇ ಸಿಕ್ಕಿತಲ್ಲ?

ಇನ್ನೊಂದು ಎಚ್ಚರಿಕೆ. ಗೈಡು ಕಂಚಿನ ಕತ್ತಿ ತೋರಿಸಿ "ಎರಡು ಸಾವಿರ ವರ್ಷದ ಹಿಂದೆಯೇ ಕ್ರೋಮ್ ಪ್ಲೇಟಿಂಗ್" ಅನ್ನಬಹುದು, ಬಾಯಿ ಬಿಟ್ಟುಕೊಂಡು ಕೇಳಬೇಡಿ. 2019ರಲ್ಲಿ ಪ್ರಕಟವಾದ ಸಂಶೋಧನೆ ಆ ಕ್ರೋಮಿಯಂ ಹಿಡಿ, ದಂಡಗಳಿಗೆ ಬಳಿದಿದ್ದ ಲ್ಯಾಕರಿನಿಂದ ತಗುಲಿದ್ದು ಅಂತ ತೋರಿಸಿತು. ಕತ್ತಿ ತುಕ್ಕು ಹಿಡಿಯದೆ ಉಳಿದದ್ದಕ್ಕೆ ಕಾರಣ ಕಂಚಿನಲ್ಲಿರುವ ತವರ, ಮತ್ತೆ ಅದೇ ನಯವಾದ, ತುಸು ಕ್ಷಾರದ ಮಣ್ಣು. ನಿಜವಾದ ಸೋಜಿಗ ಬೇಕಿದ್ದರೆ ಆಯುಧಗಳ ಮೇಲೆ ಕೊರೆದ ಹೆಸರುಗಳನ್ನು ಕೇಳಿ: ಮಂತ್ರಿ ಲ್ಯು ಬುವೆಯಿಂದ ಹಿಡಿದು ತಯಾರಿಸಿದ ಕುಶಲಕರ್ಮಿಯವರೆಗೆ. ಮಾಲು ಕೆಟ್ಟರೆ ಯಾರನ್ನು ಹಿಡಿಯಬೇಕು ಅಂತ ಆಯುಧದ ಮೇಲೇ ಬರೆದಿದೆ.

ಕಂಚಿನ ರಥಗಳು ಗುಂಡಿಗಳ ಹತ್ತಿರ ಇಲ್ಲ. ಒಂದೂವರೆ ಕಿಲೋಮೀಟರ್ ಆಚೆ, ಸಮಾಧಿ ದಿಬ್ಬದ ಉದ್ಯಾನದಲ್ಲಿ ಬೇರೆಯೇ ಕಟ್ಟಡ. ಅದೇ ಟಿಕೆಟ್ ಸಾಕು, ನಡುವೆ ಶಟಲ್ ಬಸ್ ಇದೆ. ಇದು ಗೊತ್ತಿಲ್ಲದೆ ಎಷ್ಟೋ ಗುಂಪುಗಳು ಹಾಗೇ ವಾಪಸಾಗುತ್ತವೆ. 1980ರಲ್ಲಿ ಸಿಕ್ಕ ಎರಡು ರಥಗಳು, ಅಸಲಿನ ಅರ್ಧ ಅಳತೆ. ಎರಡನೆಯದರಲ್ಲೇ 3,000ಕ್ಕೂ ಹೆಚ್ಚು ಬಿಡಿಭಾಗ. ಕೀಲು, ಬಿಜಾಗರಿ, ಸರಪಳಿ ಎಲ್ಲ ಇದೆ. ಒಂದು ಗಂಟೆ ಕಾದಿರಿಸಿ.

ಎರಡನೇ ದಿನ ಮೆಟ್ರೊ 2ನೇ ಮಾರ್ಗ ಹತ್ತಿ. ಊರ ನಡುವಿನ ಗಂಟೆ ಗೋಪುರ 1384ರದ್ದು, 1582ರಲ್ಲಿ ಬಿಚ್ಚಿ ತಂದು ಈಗಿನ ಜಾಗದಲ್ಲಿ ಜೋಡಿಸಿದ್ದು. 2011ರಲ್ಲಿ ಶುರುವಾದ ಈ ಮೆಟ್ರೊದ ಎರಡು ಸುರಂಗಗಳು ಗೋಪುರದ ಅಡಿಗೆ ಹೋಗದೆ, ಒಂದೊಂದು ಬದಿಗೆ ಸರಿದು ಬಳಸಿ ಹೋಗುತ್ತವೆ. ಹಳಿಗಳು ಸ್ಪ್ರಿಂಗುಗಳ ಮೇಲೆ ಕೂರಿಸಿದ ಕಾಂಕ್ರೀಟ್ ಹಲಗೆಯ ಮೇಲಿವೆ, ಅದುರು ಮೇಲಕ್ಕೆ ಹತ್ತದಂತೆ. ಹುಡುಗರ ಫೋನಿನಲ್ಲಿ ಫೈಫಾಕ್ಸ್ ಅನ್ನುವ, ಫೋನಿನ ಸೆನ್ಸರುಗಳಿಂದ ಅಳೆಯುವ ಆ್ಯಪ್ ಹಾಕಿಸಿ, ಗೋಪುರದ ನಿಲ್ದಾಣದಿಂದ ದಕ್ಷಿಣ ದ್ವಾರದ ನಿಲ್ದಾಣದವರೆಗೆ, ಒಂದೇ ಸ್ಟಾಪ್, ಫೋನನ್ನು ನೆಲಕ್ಕೆ ಒತ್ತಿ ಹಿಡಿದು ಅಡ್ಡ ದಿಕ್ಕಿನ ವೇಗೋತ್ಕರ್ಷ ದಾಖಲಿಸಲಿ. ತಿರುವು ಗ್ರಾಫಿನಲ್ಲಿ ಕಾಣುತ್ತದೆ. ಮೇಲೆ ಬಂದು ಗೋಪುರದ ಪಕ್ಕ ಫೋನಿಟ್ಟು ಅದುರು ಅಳೆಯುತ್ತೇವೆ ಅಂತ ಹೊರಡಬೇಡಿ, ಸುತ್ತಲಿನ ಬಸ್ಸು ಕಾರುಗಳೇ ಅದರಲ್ಲಿ ತುಂಬಿಕೊಳ್ಳುತ್ತವೆ.

ಅಲ್ಲಿಂದ ಕೋಟೆ ಗೋಡೆ. ಸುತ್ತಳತೆ 13.7 ಕಿ.ಮೀ., ಎತ್ತರ 12 ಮೀಟರ್. ಒಳಗೆ ಬಡಿದು ಗಟ್ಟಿ ಮಾಡಿದ ಇದೇ ಮಣ್ಣು, ಹೊರಗೆ ಇಟ್ಟಿಗೆ. ಮೇಲೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಮುಂಚಾಚಿದ ಬುರುಜುಗಳು 98, ನಡುವಿನ ಅಂತರ 120 ಮೀಟರ್. ಬಾಣ ಅದರ ಅರ್ಧ ದೂರ ಮುಟ್ಟಿದರೆ ಸಾಕು, ಎರಡು ಬುರುಜುಗಳ ನಡುವಿನ ಗೋಡೆಯೆಲ್ಲ ಕಾವಲಿಗೆ ಸಿಗುತ್ತದೆ. ಮಳೆನೀರು ಒಳಬದಿಯ ಕಾಲುವೆಗಳಲ್ಲಿ ಇಳಿಯುವುದನ್ನು ತೋರಿಸಿ. ಚೀನಾದ ಹಳೇ ಗಾರೆಗೆ ಅಂಟಕ್ಕಿಯ ಗಂಜಿ ಸೇರಿಸುತ್ತಿದ್ದರು. ನಮ್ಮಲ್ಲಿ ಬೆಲ್ಲ, ಅಳಲೆಕಾಯಿ ಹಾಕುತ್ತಿದ್ದರಲ್ಲ, ಹಾಗೆ.

ಸಂಜೆಗೆ ದೊಡ್ಡ ಕಾಡು ಹೆಬ್ಬಾತು ಗೋಪುರ ಅನ್ನುವ ಬೌದ್ಧ ಗೋಪುರ. ಇದು ಶಾಲೆಯ ಪುಸ್ತಕದ ಹ್ಯೂಯೆನ್‌ತ್ಸಾಂಗ್ ತಂದ ಗ್ರಂಥಗಳಿಗಾಗಿ 652ರಲ್ಲಿ ಎದ್ದದ್ದು, ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದವನೂ ಅವನೇ. ಊರೆಲ್ಲ ಬೋರ್‌ವೆಲ್ ಕೊರೆದು ಅಂತರ್ಜಲ ಹೀರಿದ್ದಕ್ಕೆ ನೆಲ ಕುಸಿದು, 1996ರ ಹೊತ್ತಿಗೆ ಗೋಪುರದ ತುದಿ ಒಂದು ಮೀಟರ್ ವಾಲಿತ್ತು. ಬಾವಿಗಳನ್ನು ಮುಚ್ಚಿ ನದಿ ನೀರು ತಂದ ಮೇಲೆ ಅದು ಕೂದಲೆಳೆಯಷ್ಟಷ್ಟೇ ನೆಟ್ಟಗಾಗುತ್ತಿದೆ. ಬೆಂಗಳೂರಿನವರಿಗೆ ಬೇರೆ ವಿವರಣೆ ಬೇಕಿಲ್ಲ.

ಚಿಲ್ಲರೆ ವಿಷಯ: ಪ್ರಾಂತ್ಯದ ಇತಿಹಾಸ ಮ್ಯೂಸಿಯಂಗೆ ನಲವತ್ತು ಟಿಕೆಟ್ ಒಟ್ಟಿಗೆ ಸಿಗುವುದು ಕಷ್ಟ, ಆಸೆ ಬಿಡಿ. ರೈಲಿನಲ್ಲಿ ಒಯ್ಯುವ ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಒಳಗಿರಬೇಕು, ಅಂದರೆ 20,000 ಎಂಎಎಚ್ ಸರಿ (74), 30,000 ಸಲ್ಲದು (111). ಸಸ್ಯಾಹಾರಿಗಳಿಗೆ ಲಿಯಾಂಗ್‌ಪಿ ಅನ್ನುವ ತಣ್ಣನೆ ಶಾವಿಗೆ ಒಳ್ಳೆಯದು; ಬಿಸಿ ನೂಡಲ್ಸಿನ ಸಾರು ಹೆಚ್ಚಾಗಿ ಮಾಂಸದ್ದು, ಕೇಳಿಯೇ ತಿನ್ನಿ. ರೈಲು ಟಿಕೆಟ್ 8 ದಿನ ಮೊದಲು ರದ್ದು ಮಾಡಿದರೆ ಪೂರ್ತಿ ಹಣ ವಾಪಸ್, ಕೊನೆಯ 24 ಗಂಟೆಯಲ್ಲಿ 20% ಕಡಿತ.

ಅಂದ ಹಾಗೆ ನೀವು ಬರೆದಿರುವ ದಿನಾಂಕ ಅಕ್ಟೋಬರ್ 3. ಅದು ರಾಷ್ಟ್ರೀಯ ದಿನದ ರಜಾವಾರ, ಅರ್ಧ ಚೀನಾ ಅಲ್ಲೇ ಇರುತ್ತದೆ. ಬೇರೆ ಏನನ್ನೂ ಬುಕ್ ಮಾಡುವ ಮೊದಲು ಅದನ್ನು ತಿಂಗಳ ಕೊನೆಗೆ ತಳ್ಳಿ.