ಕತ್ತರಿಸಿದ್ದಾರೆ, ಹೊಲಿಗೆ ಹಾಕಿಲ್ಲ

(ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಎರಡೂವರೆ ತಿಂಗಳ ಗಂಡುಮಗು. ಬಲಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಚಿಕೊಂಡಿತ್ತು. ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತಾ ಪಾದವನ್ನು ನೇರಕ್ಕೆ ತಂದರೂ ಹಿಮ್ಮಡಿ ಕೆಳಗಿಳಿಯಲಿಲ್ಲ. ವೈದ್ಯರು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವನ್ನು ಕತ್ತರಿಸಿ ಕೊನೆಯ ಪ್ಲಾಸ್ಟರ್ ಹಾಕಿದ್ದರು. ಹೀಗೆ ಪ್ಲಾಸ್ಟರ್ ಹಾಕುತ್ತಾ ತಿರುಚಿದ ಪಾದವನ್ನು ಸರಿಪಡಿಸುವ ಪೊನ್ಸೆಟಿ ವಿಧಾನದಲ್ಲಿ ಹೆಚ್ಚಿನ ಮಕ್ಕಳಿಗೆ ಈ ಪುಟ್ಟ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ತಾಯಿ ಮತ್ತು ಅಜ್ಜಿ ಒಟ್ಟಿಗೆ ಬಂದಿದ್ದರು. ತಾಯಿ ಸರಿಯಾಗಿ ಊಟ, ನಿದ್ದೆ ಮಾಡಿರಲಿಲ್ಲ. ‘ನರ ಕತ್ತರಿಸಿದ್ದಾರೆ ಮೇಡಂ, ಒಂದು ಹೊಲಿಗೆಯನ್ನೂ ಹಾಕಿಲ್ಲ. ನಾಳೆ ಇವನು ನಡೆಯುವುದು ಹೇಗೆ?’ ಎಂದು ಅತ್ತರು. ಮಗುವನ್ನು ನೋಡಲು ಬಂದವರು ಯಾರೋ ಹಾಗೆ ಹೇಳಿಹೋಗಿದ್ದರು.

ಮೊದಲು ತಾಯಿಯ ಕೈಯನ್ನೇ ಅವರ ಹಿಮ್ಮಡಿಯ ಹಿಂದೆ ಇಡಿಸಿದೆ. ಪಾದದ ಮುಂಭಾಗ ಮೇಲೆತ್ತಿದಾಗ ಬಿಗಿಯಾಗುವ ಪಟ್ಟಿ ಸಿಕ್ಕಿತು. ಕತ್ತರಿಸಿದ್ದು ಇದನ್ನು, ಇದು ಸ್ಪರ್ಶ ತಿಳಿಸುವ ನರವಲ್ಲ, ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಹಿಡಿದಿಡುವ ರಜ್ಜು ಎಂದೆ. ಮಗುವಿನಲ್ಲಿ ಅದು ಗಿಡ್ಡವಾಗಿತ್ತು. ತುದಿಗಳನ್ನು ಮತ್ತೆ ಸೇರಿಸಿ ಹೊಲಿದರೆ ಮತ್ತೆ ಗಿಡ್ಡವೇ ಆಗುತ್ತದೆ. ನಡುವೆ ಅಂತರ ಉಳಿಯಬೇಕೆಂದೇ ಹೊಲಿಗೆ ಹಾಕುವುದಿಲ್ಲ. ರಜ್ಜುವಿನ ಸುತ್ತಲಿನ ಪೊರೆಯೊಳಗೆ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಜೀವಕೋಶಗಳು ಬಂದು ಹೊಸ ಎಳೆಗಳನ್ನು ನೇಯುತ್ತವೆ. ಎಳೆಯ ಮಕ್ಕಳಲ್ಲಿ ಸುಮಾರು 3 ವಾರಕ್ಕೆ ತುದಿಗಳು ಕೂಡಿಕೊಂಡಿರುವುದು ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಪ್ಲಾಸ್ಟರ್ 3 ವಾರ ಇರುವುದೂ ಅದಕ್ಕೇ: ಪಾದ ಮೇಲೆತ್ತಿದ ಸ್ಥಿತಿಯಲ್ಲಿ, ಉದ್ದವಾದ ಅಳತೆಯಲ್ಲೇ ರಜ್ಜು ಕೂಡಲಿ ಎಂದು. ಎಳೆಗಳು ಸಾಲಾಗಿ ಜೋಡಿಕೊಂಡು ಗಟ್ಟಿಯಾಗಲು ಇನ್ನೂ ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ಆ ಜಾಗ ತುಸು ದಪ್ಪಗಿದ್ದರೆ ಗಾಬರಿ ಬೇಡ, ತಿಕ್ಕುವುದೂ ಬೇಡ.

ಅಜ್ಜಿ ಅಷ್ಟು ಹೊತ್ತು ಸುಮ್ಮನಿದ್ದವರು, ‘ಗ್ರಹಣದ ದಿನ ಹೊರಗೆ ಕಾಲಿಡಬೇಡ ಎಂದಿದ್ದೆ’ ಎಂದರು. ತಾಯಿ ತಲೆ ತಗ್ಗಿಸಿದರು. ರಜ್ಜುವಿಗಿಂತ ಮೊದಲು ವಾಸಿಯಾಗಬೇಕಾದ ಗಾಯ ಇದು ಎಂದು ನನಗೆ ಅನ್ನಿಸಿತು. ಗ್ರಹಣಕ್ಕೂ ಪಾದಕ್ಕೂ ಸಂಬಂಧವಿಲ್ಲ, ಸಾವಿರಕ್ಕೆ ಸುಮಾರು ಒಂದು ಮಗು ಹೀಗೆ ಹುಟ್ಟುತ್ತದೆ, ಹೆಚ್ಚಿನವರಲ್ಲಿ ಕಾರಣವೇ ತಿಳಿಯುವುದಿಲ್ಲ, ನಿಮ್ಮ ಸೊಸೆ ಮಾಡಿದ ಯಾವ ತಪ್ಪಿನಿಂದಲೂ ಇದು ಬಂದಿಲ್ಲ ಎಂದು ಅಜ್ಜಿಯ ಮುಖ ನೋಡಿಯೇ ಹೇಳಿದೆ. ಈ ಮಾತನ್ನು ತಾಯಿಗೆ ಒಬ್ಬರಿಗೇ ಹೇಳಿ ಕಳುಹಿಸಿದರೆ ಮನೆಯಲ್ಲಿ ಏನೂ ಬದಲಾಗುವುದಿಲ್ಲ.

ಮನೆಗೆ ಕೊಟ್ಟ ಸಲಹೆ: ಪ್ಲಾಸ್ಟರ್ ತುದಿಯಲ್ಲಿ ಕಾಣುವ ಬೆರಳುಗಳನ್ನು ದಿನಕ್ಕೆ ಹಲವು ಸಲ ನೋಡಿ. ಹೆಬ್ಬೆರಳನ್ನು ಒತ್ತಿ ಬಿಟ್ಟರೆ ಕೂಡಲೇ ಗುಲಾಬಿ ಬಣ್ಣ ಮರಳಬೇಕು. ಬೆರಳು ನೀಲಿಗಟ್ಟಿದರೆ, ಊದಿಕೊಂಡರೆ, ಒಳಕ್ಕೆ ಜಾರಿಹೋದರೆ, ರಕ್ತದ ಕಲೆ ಹರಡುತ್ತಲೇ ಇದ್ದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಪ್ಲಾಸ್ಟರ್ ಒದ್ದೆಯಾಗಬಾರದು.

ಆದರೆ ನಾನು ಹೆಚ್ಚು ಒತ್ತಿ ಹೇಳಿದ್ದು ಪ್ಲಾಸ್ಟರ್ ಬಿಚ್ಚಿದ ಮೇಲಿನ ದಿನಗಳ ಬಗ್ಗೆ. ರಜ್ಜು ತಾನಾಗಿ ಕೂಡುತ್ತದೆ. ಪಾದ ನೇರವಾಗಿಯೇ ಉಳಿಯಲು ಮನೆಯವರು ದುಡಿಯಬೇಕು. ಗಟ್ಟಿ ಅಡ್ಡಪಟ್ಟಿಯಿಂದ ಒಂದಕ್ಕೊಂದು ಜೋಡಿಸಿದ ಬೂಟುಗಳನ್ನು ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ 4 ವರ್ಷ ತುಂಬುವವರೆಗೆ ಮಲಗುವಾಗೆಲ್ಲ ಹಾಕಬೇಕು. ಇದನ್ನು ಬಿಟ್ಟರೆ ಪಾದ ಮತ್ತೆ ತಿರುಗುವ ಸಾಧ್ಯತೆ ತುಂಬಾ ಹೆಚ್ಚು. ‘ಎಡಗಾಲು ಚೆನ್ನಾಗಿದೆಯಲ್ಲ, ಅದಕ್ಕೇಕೆ ಬೂಟು?’ ಎಂದು ಅಜ್ಜಿ ಕೇಳಿದರು. ಬಲಪಾದವನ್ನು ಹೊರಮುಖವಾಗಿ ಹಿಡಿದಿಡಲು ಪಟ್ಟಿಗೆ ಇನ್ನೊಂದು ಕಾಲಿನ ಆಸರೆ ಬೇಕು ಎಂದೆ. ಮೊದಲ ಕೆಲವು ರಾತ್ರಿ ಮಗು ಅಳುತ್ತದೆ. ಚರ್ಮ ಕೆಂಪಾಗಿದೆಯೇ, ಹಿಮ್ಮಡಿ ಬೂಟಿನ ತಳಕ್ಕೆ ಕೂತಿದೆಯೇ ಎಂದು ನೋಡಿ. ಎಲ್ಲ ಸರಿಯಿದ್ದರೆ ಎತ್ತಿಕೊಂಡು ಸಮಾಧಾನಪಡಿಸಿ, ಎರಡೂ ಮೊಣಕಾಲುಗಳನ್ನು ಒಟ್ಟಿಗೆ ಮಡಿಸಿ ಚಾಚಿ ಆಡಿಸಿ. ಬೂಟು ಮಾತ್ರ ಬಿಚ್ಚಬೇಡಿ.

ಬಲಗಾಲಿನ ಮೀನಖಂಡ ಮುಂದೆಯೂ ತುಸು ಸಣ್ಣಗಿರಬಹುದು, ಅದು ಹುಟ್ಟಿನ ತೊಂದರೆಯದೇ ಭಾಗ, ಕತ್ತರಿಸಿದ್ದರಿಂದ ಬಂದದ್ದಲ್ಲ ಎಂಬುದನ್ನೂ ಮೊದಲೇ ತಿಳಿಸಿದೆ. ಎಣ್ಣೆಸ್ನಾನ ಮಾಡಿಸಿ ಬೂಟು ತೊಡಿಸುವ ಹೊಣೆಯನ್ನು ಅಜ್ಜಿಗೆ ವಹಿಸಿದೆ. ಪಾದದಲ್ಲಿ ಎಣ್ಣೆ ಉಳಿದರೆ ಬೂಟು ಜಾರುತ್ತದೆ, ಪೂರ್ತಿ ಒರೆಸಬೇಕೆಂದೂ ಹೇಳಿದೆ. ಬೂಟಿನ ಅಳತೆ ತೆಗೆಯುವ ದಿನ ಮಗುವಿನ ತಂದೆಯನ್ನೂ ಕರೆತರಲು ತಿಳಿಸಿದ್ದೇನೆ.