ಓದುಗರ ಪ್ರಶ್ನೆ, ನಮ್ಮ ಉತ್ತರ: ಸಾಗಿಸಲಾದ ಹೆಣ್ಣುಮಕ್ಕಳು, ಸಹಿ ಹಾಕಿದ ದೇಶಗಳು

ಮಹಿಳೆಯರ ಮತ್ತು ಬಾಲಕಿಯರ ಕಳ್ಳಸಾಗಣೆಯನ್ನು ಕುರಿತು ಬಂದ ಪತ್ರಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇನೆ. ಬರೆದವರಲ್ಲಿ ಕೆಲವರು ಹೆಸರು ಬೇಡವೆಂದಿದ್ದರಿಂದ ಯಾರ ಹೆಸರನ್ನೂ ಹಾಕದೆ ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಹೆಣ್ಣುಮಕ್ಕಳ ಸಾಗಾಟವನ್ನು ತಡೆಯಲು ದೇಶದೇಶಗಳು ಯಾವಾಗಿನಿಂದ ಒಟ್ಟಾಗಿ ಪ್ರಯತ್ನಿಸುತ್ತಿವೆ? ಇಷ್ಟೊಂದು ಒಡಂಬಡಿಕೆಗಳಿದ್ದೂ ದಂಧೆ ನಿಂತಿಲ್ಲವೇಕೆ? (ಕಾಲೇಜು ಉಪನ್ಯಾಸಕಿ, ಶಿರಸಿ)

ಉತ್ತರ: ನೂರಿಪ್ಪತ್ತು ವರ್ಷಗಳಿಗೂ ಮೇಲಾಯಿತು. ಮೊದಲ ಒಪ್ಪಂದಕ್ಕೆ ಪ್ಯಾರಿಸ್‌ನಲ್ಲಿ ಸಹಿ ಬಿದ್ದದ್ದು 1904ರ ಮೇ 18ರಂದು. ಬಂದರುಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಕಣ್ಣಿಟ್ಟು, ಪರದೇಶಕ್ಕೆ ಸಾಗಿಸಲಾಗುತ್ತಿರುವ ಹೆಣ್ಣುಮಕ್ಕಳನ್ನು ಗುರುತಿಸುವುದು ಅದರ ಮುಖ್ಯ ಕೆಲಸವಾಗಿತ್ತು. ಅದಕ್ಕೆ ಇಟ್ಟ ಹೆಸರು ‘ಬಿಳಿ ಗುಲಾಮರ ಸಾಗಾಟ’ದ ತಡೆ ಎಂಬುದು. ಯಾರ ಮನೆಯ ಹೆಣ್ಣುಮಕ್ಕಳಿಗಾಗಿ ಯುರೋಪಿನ ಸರ್ಕಾರಗಳು ಕಳವಳಪಟ್ಟಿದ್ದವು ಎಂಬುದನ್ನು ಆ ಹೆಸರೇ ಹೇಳುತ್ತದೆ. 1910ರ ಒಡಂಬಡಿಕೆ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಸಾಗಾಟವನ್ನು ಸಹಿ ಹಾಕಿದ ದೇಶಗಳು ಅಪರಾಧವೆಂದು ಪರಿಗಣಿಸಿ ಶಿಕ್ಷಿಸಬೇಕೆಂದಿತು. ಮೊದಲ ಮಹಾಯುದ್ಧದ ನಂತರ, 1921ರಲ್ಲಿ, ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘದ ಆಶ್ರಯದಲ್ಲಿ ಆದ ಒಡಂಬಡಿಕೆಯಲ್ಲಿ ಬಣ್ಣದ ಮಾತು ಬಿದ್ದುಹೋಗಿ ‘ಮಹಿಳೆಯರು ಮತ್ತು ಮಕ್ಕಳು’ ಎಂಬ ಪದಗಳು ಬಂದವು. ಯಾವ ವಯಸ್ಸಿನೊಳಗಿನ ಹುಡುಗಿಯ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲವೋ ಆ ಮಿತಿ 20ರಿಂದ 21ಕ್ಕೆ ಏರಿತು. ಆದರೆ ವಸಾಹತುಗಳನ್ನು ಹೊರಗಿಡಲು ಅದರಲ್ಲೇ ಅವಕಾಶವಿತ್ತು. ಬ್ರಿಟಿಷ್ ಆಳ್ವಿಕೆಯ ಭಾರತದ ಹೆಸರಿನಲ್ಲಿ ಸಹಿ ಹಾಕಿದವರಂತೂ, ನಮ್ಮಲ್ಲಿ 21ರ ಬದಲು 16 ಅಥವಾ ಮುಂದೆ ತೀರ್ಮಾನವಾಗಬಹುದಾದ ಇನ್ನೂ ಹೆಚ್ಚಿನ ವಯಸ್ಸನ್ನು ಇಟ್ಟುಕೊಳ್ಳುವ ಹಕ್ಕು ಇರಲಿ ಎಂದು ಷರತ್ತು ಬರೆಸಿದರು. ಒಂದೇ ಕಾಗದದಲ್ಲಿ ಒಂದು ಖಂಡದ ಹುಡುಗಿಗೆ ಇಪ್ಪತ್ತೊಂದು, ನಮ್ಮ ಹುಡುಗಿಗೆ ಹದಿನಾರು!

1949ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಈ ಹಳೆಯ ಒಪ್ಪಂದಗಳನ್ನೆಲ್ಲ ಒಂದುಗೂಡಿಸಿ ಹೊಸ ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮ 1956ರ ಅನೈತಿಕ ವ್ಯಾಪಾರ ತಡೆ ಕಾಯ್ದೆಯ ಬೇರು ಇಲ್ಲಿದೆ. 1950ರ ಮೇ 9ರಂದು ನ್ಯೂಯಾರ್ಕಿನಲ್ಲಿ ಸಹಿಯಾದ ಈ ಒಡಂಬಡಿಕೆಯ ಅನುಸಾರ ಕಾಯ್ದೆಯನ್ನು ರಚಿಸಲಾಗಿದೆ ಎಂದು ಅದರ ಆರಂಭದ ಸಾಲಿನಲ್ಲೇ ಬರೆದಿದೆ. ಆದರೆ 1949ರ ಒಡಂಬಡಿಕೆ ‘ಸಾಗಾಟ’ ಎಂದರೇನು ಎಂದು ಎಲ್ಲಿಯೂ ವಿವರಿಸಲಿಲ್ಲ, ವೇಶ್ಯಾವಾಟಿಕೆಯ ಆಚೆಗೆ ನೋಡಲಿಲ್ಲ, ದೇಶಗಳು ಮಾತು ಉಳಿಸಿಕೊಂಡವೇ ಎಂದು ಪರಿಶೀಲಿಸಲು ಯಾವ ಸಮಿತಿಯನ್ನೂ ನೇಮಿಸಲಿಲ್ಲ. ಸಾಗಾಟಕ್ಕೆ ಎಲ್ಲರೂ ಒಪ್ಪುವ ವ್ಯಾಖ್ಯೆ ಸಿಕ್ಕಿದ್ದು 2000ದ ನವೆಂಬರ್ 15ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಪ್ರೋಟೊಕಾಲ್‌ನಲ್ಲಿ, ಅಂದರೆ ಪೂರಕ ಒಪ್ಪಂದದಲ್ಲಿ. ಇಟಲಿಯ ಪಲೆರ್ಮೊ ನಗರದಲ್ಲಿ ಸಹಿಗೆ ತೆರೆದಿಟ್ಟಿದ್ದರಿಂದ ಅದು ಪಲೆರ್ಮೊ ಪ್ರೋಟೊಕಾಲ್ ಎಂದೇ ಹೆಸರಾಯಿತು. 2003ರ ಡಿಸೆಂಬರ್ 25ರಂದು ಅದು ಜಾರಿಗೆ ಬಂತು. ಭಾರತ 2002ರಲ್ಲಿ ಸಹಿ ಹಾಕಿ, ಎಂಟು ವರ್ಷಗಳಿಗೂ ಮೇಲಾದ ನಂತರ 2011ರ ಮೇ ತಿಂಗಳಲ್ಲಿ ಅದನ್ನು ಅನುಮೋದಿಸಿತು.

ಇನ್ನು ದಂಧೆ ನಿಂತಿಲ್ಲವೇಕೆ ಎಂಬ ಪ್ರಶ್ನೆ. ಇದಕ್ಕೆ ಬಡತನ, ಬೇಡಿಕೆ, ಭ್ರಷ್ಟಾಚಾರ ಎಂಬ ಉತ್ತರಗಳು ನಿಮಗೆ ಗೊತ್ತೇ ಇವೆ. ನಾನು ಒಪ್ಪಂದದ ಭಾಷೆಯ ಕಡೆಗೆ ನಿಮ್ಮ ಗಮನ ಸೆಳೆಯುತ್ತೇನೆ. ಪಲೆರ್ಮೊ ಪ್ರೋಟೊಕಾಲ್ ಮಾನವ ಹಕ್ಕುಗಳ ಒಪ್ಪಂದವಾಗಿ ಹುಟ್ಟಿದ್ದಲ್ಲ. ಅದು ಸಂಘಟಿತ ಅಪರಾಧಗಳ ವಿರುದ್ಧದ ಒಡಂಬಡಿಕೆಯ ಮರಿ. ಆದ್ದರಿಂದ ಅಪರಾಧಿಯನ್ನು ಶಿಕ್ಷಿಸುವ ವಿಧಿಯಲ್ಲಿ ದೇಶಗಳು ಕಾನೂನು ‘ಮಾಡತಕ್ಕದ್ದು’ ಎಂದು ಕಟ್ಟಪ್ಪಣೆಯಿದೆ. ಸಂತ್ರಸ್ತೆಗೆ ವಸತಿ, ಚಿಕಿತ್ಸೆ, ಉದ್ಯೋಗ ಒದಗಿಸುವ ಮತ್ತು ಆಕೆಗೆ ಆ ದೇಶದಲ್ಲೇ ಉಳಿಯಲು ಅನುಮತಿ ಕೊಡುವ ವಿಧಿಗಳಿಗೆ ಬಂದಾಗ ಅದೇ ಭಾಷೆ ಮೆತ್ತಗಾಗಿ, ದೇಶಗಳು ಇದನ್ನು ‘ಪರಿಗಣಿಸತಕ್ಕದ್ದು’ ಎಂದಷ್ಟೇ ಹೇಳುತ್ತದೆ. ಪರಿಗಣಿಸಿ ಬದಿಗಿಟ್ಟರೂ ಒಪ್ಪಂದ ಮುರಿದಂತಾಗುವುದಿಲ್ಲ. ಬಿಡಿಸಿಕೊಂಡು ಬಂದ ಹೆಣ್ಣುಮಗಳಿಗೆ ಮುಂದೆ ದಾರಿಯಿಲ್ಲವಾದರೆ, ದಲ್ಲಾಳಿ ಮತ್ತೆ ಅವಳ ಬಾಗಿಲಿಗೇ ಬರುತ್ತಾನೆ.

ಪ್ರಶ್ನೆ: ಪ್ರಾಯಕ್ಕೆ ಬಂದ ಯುವತಿ ತಾನಾಗಿಯೇ ಏಜೆಂಟನ ಜೊತೆ ಹೊರಟಿದ್ದರೆ ಅದು ಕಳ್ಳಸಾಗಣೆ ಹೇಗಾಗುತ್ತದೆ? ನ್ಯಾಯಾಲಯದಲ್ಲಿ ಆರೋಪಿಗಳ ಪರ ವಕೀಲರು ಮೊದಲು ಹೇಳುವುದೇ ಇದನ್ನು. (ಕಾನೂನು ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಪಲೆರ್ಮೊ ವ್ಯಾಖ್ಯೆಯನ್ನು ಮೂರು ಕಾಲಿನ ಪೀಠದಂತೆ ನೋಡಿ. ಒಂದು, ಕೃತ್ಯ: ನೇಮಿಸಿಕೊಳ್ಳುವುದು, ಸಾಗಿಸುವುದು, ಹಸ್ತಾಂತರಿಸುವುದು, ಆಶ್ರಯ ಕೊಡುವುದು, ಬರಮಾಡಿಕೊಳ್ಳುವುದು. ಎರಡು, ವಿಧಾನ: ಬಲಪ್ರಯೋಗ, ಬೆದರಿಕೆ, ಅಪಹರಣ, ವಂಚನೆ, ಅಧಿಕಾರದ ಅಥವಾ ಆಕೆಯ ಅಸಹಾಯಕತೆಯ ದುರುಪಯೋಗ, ಆಕೆಯ ಮೇಲೆ ಹಿಡಿತವಿರುವವರಿಗೆ ಹಣ ಕೊಡುವುದು. ಮೂರು, ಉದ್ದೇಶ: ಶೋಷಣೆ. ಎರಡನೆಯ ಗುಂಪಿನ ಯಾವುದೇ ಒಂದು ವಿಧಾನ ಬಳಕೆಯಾಗಿದ್ದರೆ ಆಕೆ ಒಪ್ಪಿದ್ದಳೇ ಇಲ್ಲವೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಹದಿನೆಂಟು ತುಂಬದ ಹುಡುಗಿಯಾದರೆ ವಿಧಾನವನ್ನು ಸಾಬೀತು ಮಾಡುವ ಅಗತ್ಯವೇ ಇಲ್ಲ.

ಇಲ್ಲಿ ತೂಕದ ಮಾತು ‘ಅಸಹಾಯಕತೆಯ ದುರುಪಯೋಗ’. ಒಪ್ಪದೆ ಬೇರೆ ನಿಜವಾದ, ಸ್ವೀಕಾರಾರ್ಹವಾದ ದಾರಿಯೇ ಇಲ್ಲದ ಸ್ಥಿತಿ ಎಂದು ಪ್ರೋಟೊಕಾಲ್ ರೂಪಿಸಿದವರು ಇದನ್ನು ಟಿಪ್ಪಣಿಯಲ್ಲಿ ವಿವರಿಸಿದ್ದಾರೆ. ಬ್ಯೂಟಿ ಪಾರ್ಲರಿನ ಕೆಲಸವೆಂದು ಒಪ್ಪಿ ಹೊರಟವಳು ವೇಶ್ಯಾಗೃಹಕ್ಕೆ ಒಪ್ಪಿದಂತಾಗುವುದಿಲ್ಲ ಎಂಬುದು ಯಾರಿಗಾದರೂ ಅರ್ಥವಾಗುತ್ತದೆ. ಸಾಲ ತೀರುವವರೆಗೆ ಇರುತ್ತೇನೆಂದು ತಲೆಯಾಡಿಸಿದವಳ ವಿಷಯದಲ್ಲಿಯೂ ಹಾಗೆಯೇ ಯೋಚಿಸಬೇಕೆಂದು ಈ ವ್ಯಾಖ್ಯೆ ಕೇಳುತ್ತದೆ. 2012ರ ದೆಹಲಿ ಅತ್ಯಾಚಾರ ಪ್ರಕರಣದ ಬಳಿಕ ನೇಮಕವಾದ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ನಂತರ, 2013ರಲ್ಲಿ, ನಮ್ಮ ದಂಡ ಸಂಹಿತೆಯ 370ನೇ ಕಲಮಿಗೆ ಈ ವ್ಯಾಖ್ಯೆಯ ಬಹುಭಾಗ ಬಂತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು. ಸಂತ್ರಸ್ತೆಯ ಒಪ್ಪಿಗೆ ಅಮುಖ್ಯವೆಂದು ಅದರಲ್ಲಿ ಸ್ಪಷ್ಟವಾಗಿದೆ; ಕನಿಷ್ಠ ಶಿಕ್ಷೆ ಏಳು ವರ್ಷ, ಅಪ್ರಾಪ್ತ ವಯಸ್ಕಳಾದರೆ ಹತ್ತು ವರ್ಷ. ಆದರೆ ಪಲೆರ್ಮೊ ಪಟ್ಟಿಯಲ್ಲಿರುವ ‘ಬಲವಂತದ ದುಡಿಮೆ’ ಎಂಬ ಪದ ನಮ್ಮ ಕಲಮಿನ ಶೋಷಣೆಯ ವಿವರಣೆಯಲ್ಲಿ ಇಲ್ಲ. ಹೊಸ ಸಂಹಿತೆಯನ್ನು ಬರೆಯುವಾಗ ಭಿಕ್ಷಾಟನೆಯನ್ನು ಸೇರಿಸಿದವರು ಇದನ್ನೂ ಸೇರಿಸಬಹುದಿತ್ತು.

ಪ್ರಶ್ನೆ: ನಮ್ಮ ಭಾಗದಿಂದ ದೇವದಾಸಿ ಮನೆತನಗಳ ಹುಡುಗಿಯರು ಮಹಾರಾಷ್ಟ್ರದ ನಗರಗಳಿಗೆ ಹೋಗಿ ಸಿಕ್ಕಿಕೊಂಡರು. ಗಡಿ ದಾಟಿದ್ದು ರಾಜ್ಯದ್ದೇ ಹೊರತು ದೇಶದ್ದಲ್ಲ. ಇದಕ್ಕೆ ಅಂತರರಾಷ್ಟ್ರೀಯ ಕಾನೂನು ಅನ್ವಯಿಸುತ್ತದೆಯೇ? (ನಿವೃತ್ತ ಶಿಕ್ಷಕರು, ಬೆಳಗಾವಿ ಜಿಲ್ಲೆ)

ಉತ್ತರ: ಅನ್ವಯಿಸುತ್ತದೆ. ಪಲೆರ್ಮೊ ಪ್ರೋಟೊಕಾಲ್ ಗಡಿಯಾಚೆಗಿನ ಅಪರಾಧದಲ್ಲಿ ದೇಶಗಳ ನಡುವಿನ ಸಹಕಾರವನ್ನು ಕುರಿತದ್ದಾದರೂ, ದೇಶದೊಳಗಿನ ಕಾನೂನಿನಲ್ಲಿ ಗಡಿ ದಾಟುವುದನ್ನು ಅಪರಾಧದ ಅಂಶವಾಗಿ ಇಡಕೂಡದೆಂಬುದು ಅದರ ಮೂಲ ಒಡಂಬಡಿಕೆಯಲ್ಲೇ ಇದೆ. ಸಾಗಾಟವನ್ನೂ ಮಾನವ ‘ನುಸುಳಿಕೆ’ಯನ್ನೂ ಬೇರೆಮಾಡಿ ನೋಡುವುದು ಅಗತ್ಯ: ಹಣ ಪಡೆದು ಗಡಿ ದಾಟಿಸುವುದು ಆ ದೇಶದ ವಿರುದ್ಧದ ಅಪರಾಧ, ಸಾಗಾಟ ವ್ಯಕ್ತಿಯ ವಿರುದ್ಧದ ಅಪರಾಧ, ಮತ್ತು ಅದು ಒಂದೇ ತಾಲ್ಲೂಕಿನೊಳಗೂ ನಡೆಯಬಹುದು. ದೇವದಾಸಿ ಪದ್ಧತಿಯ ವಿಷಯದಲ್ಲಿ ಕರ್ನಾಟಕದ 1982ರ ನಿಷೇಧ ಕಾಯ್ದೆ ಈ ಪ್ರೋಟೊಕಾಲ್‌ಗಿಂತ ಹದಿನೆಂಟು ವರ್ಷ ಹಿಂದಿನದು, ಮನುಷ್ಯರ ಮಾರಾಟವನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿ ಅದಕ್ಕೂ ಹಿಂದಿನದು. ಕಾನೂನಿನ ಕೊರತೆ ನಮಗೆಂದೂ ಇರಲಿಲ್ಲ.

ಪ್ರಶ್ನೆ: ಸಾಗಾಟ ತಡೆಯುವ ವಿಷಯದಲ್ಲಿ ಅಮೆರಿಕ ಪ್ರತಿ ವರ್ಷ ದೇಶಗಳಿಗೆ ಅಂಕ ಕೊಟ್ಟಂತೆ ಶ್ರೇಣಿ ಹಂಚುವುದು ಯಾವ ಅಧಿಕಾರದಿಂದ? (ಹುಬ್ಬಳ್ಳಿ)

ಉತ್ತರ: ಅದರದೇ 2000ದ ಕಾಯ್ದೆಯ ಅಧಿಕಾರದಿಂದ. ಕೆಳಗಿನ ಶ್ರೇಣಿಗೆ ಬಿದ್ದ ದೇಶಕ್ಕೆ ಅಮೆರಿಕದ ಕೆಲವು ನೆರವು ನಿಲ್ಲಬಹುದು, ಆದ್ದರಿಂದ ಸರ್ಕಾರಗಳು ವಿಶ್ವಸಂಸ್ಥೆಯ ವರದಿಗಿಂತ ಇದಕ್ಕೇ ಹೆಚ್ಚು ಬೆದರುತ್ತವೆ. ಭಾರತ ಹಲವು ವರ್ಷಗಳಿಂದ ಎರಡನೆಯ ಶ್ರೇಣಿಯಲ್ಲಿದೆ. ಅಮೆರಿಕ ತನಗೂ ಶ್ರೇಣಿ ಕೊಟ್ಟುಕೊಳ್ಳಲು ಆರಂಭಿಸಿದ್ದು 2010ರಲ್ಲಿ; ಆ ಪರೀಕ್ಷೆಯಲ್ಲಿ ತಾನೇ ಮೊದಲ ದರ್ಜೆಯಲ್ಲಿ ತೇರ್ಗಡೆಯಾಯಿತು ಎಂಬುದನ್ನು ನೀವು ಊಹಿಸಿರುತ್ತೀರಿ.

ಪ್ರಶ್ನೆ: ನಗರದ ಒಂದು ಆಶ್ರಯಗೃಹದಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಬಿಡಿಸಿ ತಂದ ಬಾಂಗ್ಲಾದೇಶದ ಹುಡುಗಿಯರು ಊರಿಗೆ ಹೋಗಲು ತಿಂಗಳುಗಟ್ಟಲೆ ಕಾಯುವುದನ್ನು ನೋಡಿದ್ದೇನೆ. ಇದಕ್ಕೆ ನಿಯಮಗಳಿಲ್ಲವೇ? (ಬೆಂಗಳೂರು)

ಉತ್ತರ: ನಿಯಮಗಳಿವೆ, ಮತ್ತು ಅವು ಬಂದದ್ದು ಕೆಲವು ಕೆಟ್ಟ ಅನುಭವಗಳ ನಂತರ. 1996ರ ಫೆಬ್ರವರಿಯಲ್ಲಿ ಮುಂಬಯಿಯ ವೇಶ್ಯಾಗೃಹಗಳ ಮೇಲೆ ದಾಳಿ ನಡೆದು ನೂರಾರು ಹುಡುಗಿಯರನ್ನು ಬಿಡಿಸಲಾಯಿತು. ಅವರಲ್ಲಿ ಸುಮಾರು ಇನ್ನೂರು ಮಂದಿ ನೇಪಾಳದವರು. ಅನೇಕರ ಬಳಿ ಪೌರತ್ವದ ಕಾಗದವಿರಲಿಲ್ಲ. ಅವರನ್ನು ಕರೆಸಿಕೊಳ್ಳಲು ನೇಪಾಳ ಸರ್ಕಾರ ಮುಂದಾಗಲಿಲ್ಲ. ತಿಂಗಳುಗಳ ಕಾಲ ಇಲ್ಲಿನ ಬಾಲಮಂದಿರಗಳಲ್ಲಿ ಕೂಡಿಹಾಕಿದಂತೆ ಇದ್ದ ಮೇಲೆ, ನೇಪಾಳದ ಸ್ವಯಂಸೇವಾ ಸಂಸ್ಥೆಗಳೇ ಸೇರಿ ನೂರಕ್ಕೂ ಹೆಚ್ಚು ಮಂದಿಯನ್ನು ಕಠ್ಮಂಡುವಿಗೆ ಕರೆದೊಯ್ದವು. ಹಾಗೆ ಮರಳಿದವರಲ್ಲಿ ಕೆಲವರು ಸೇರಿ ‘ಶಕ್ತಿ ಸಮೂಹ’ ಎಂಬ ಸಂಸ್ಥೆಯನ್ನು ಕಟ್ಟಿದರು. ಸಾಗಾಟದಿಂದ ಪಾರಾದ ಹೆಂಗಸರೇ ಸ್ಥಾಪಿಸಿ ನಡೆಸುವ ಆ ಸಂಸ್ಥೆಗೆ 2013ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇವರು ಮೊದಲಿನಿಂದ ಹೇಳುತ್ತ ಬಂದದ್ದು ಇಷ್ಟೇ: ನಮ್ಮನ್ನು ಎಲ್ಲಿಗೆ ಕಳಿಸಬೇಕು ಎಂದು ತೀರ್ಮಾನಿಸುವ ಮೊದಲು ನಮ್ಮನ್ನು ಕೇಳಿ.

ದಕ್ಷಿಣ ಏಷ್ಯಾದ ದೇಶಗಳು 2002ರ ಜನವರಿಯಲ್ಲಿ ಕಠ್ಮಂಡುವಿನಲ್ಲೇ ಸಾರ್ಕ್ ಒಡಂಬಡಿಕೆಗೆ ಸಹಿ ಹಾಕಿದವು. ಸಂತ್ರಸ್ತೆಯರನ್ನು ಮರಳಿಸುವ ವಿಚಾರ ಅದರಲ್ಲಿದೆ, ಆದರೆ ಅದು ವೇಶ್ಯಾವಾಟಿಕೆಗಾಗಿ ನಡೆಯುವ ಸಾಗಾಟಕ್ಕೆ ಸೀಮಿತ. ಭಾರತದ ಗೃಹ ಸಚಿವಾಲಯ 2012ರ ಮೇ ತಿಂಗಳ ಸಲಹಾಪತ್ರದಲ್ಲಿ, ವಿದೇಶಿ ಮಹಿಳೆ ಸಾಗಾಟಕ್ಕೆ ಬಲಿಯಾದವಳೆಂದು ತನಿಖೆಯಲ್ಲಿ ಕಂಡುಬಂದರೆ ಆಕೆಯ ಮೇಲೆ ಆಗಿನ ವಿದೇಶಿಯರ ಕಾಯ್ದೆಯಡಿ ಆರೋಪಪಟ್ಟಿ ಹಾಕಬಾರದೆಂದು ರಾಜ್ಯಗಳಿಗೆ ತಿಳಿಸಿತು. ವೀಸಾ ಇಲ್ಲವೆಂಬ ಕಾರಣಕ್ಕೆ ಸಂತ್ರಸ್ತೆಯನ್ನೇ ಆರೋಪಿಯಾಗಿಸುವುದನ್ನು ನಿಲ್ಲಿಸುವುದು ಇದರ ಗುರಿ. ನಿಮ್ಮ ಆಶ್ರಯಗೃಹದಲ್ಲಿ ಅಂಥ ಪ್ರಕರಣವಿದ್ದರೆ ವಕೀಲರ ಗಮನಕ್ಕೆ ತನ್ನಿ. 2015ರ ಜೂನ್‌ನಲ್ಲಿ ಭಾರತ ಮತ್ತು ಬಾಂಗ್ಲಾದೇಶ ಮಹಿಳೆಯರ ಮತ್ತು ಮಕ್ಕಳ ಸಾಗಾಟ ತಡೆ, ರಕ್ಷಣೆ, ಮರಳಿಸುವಿಕೆ ಕುರಿತು ಪ್ರತ್ಯೇಕ ಒಪ್ಪಂದ ಮಾಡಿಕೊಂಡವು. ಇಷ್ಟಾದರೂ ವಿಳಂಬವಾಗುವುದು ಮುಖ್ಯವಾಗಿ ರಾಷ್ಟ್ರೀಯತೆಯ ಪರಿಶೀಲನೆಯಲ್ಲಿ: ಹುಡುಗಿ ಹೇಳಿದ ಹಳ್ಳಿಯ ಹೆಸರು ಇಲ್ಲಿಂದ ದೂತಾವಾಸಕ್ಕೆ, ಅಲ್ಲಿಂದ ಢಾಕಾಗೆ, ಅಲ್ಲಿಂದ ಠಾಣೆಗೆ ಹೋಗಿ, ಉತ್ತರ ಅದೇ ದಾರಿಯಲ್ಲಿ ಮರಳಬೇಕು. ಜೊತೆಗೆ ಸಾಕ್ಷಿ ಹೇಳುವವರೆಗೆ ಆಕೆ ಇಲ್ಲೇ ಇರಬೇಕೆಂದು ನ್ಯಾಯಾಲಯ ಬಯಸಿದರೆ ಕಾಯುವಿಕೆ ಇನ್ನೂ ಉದ್ದವಾಗುತ್ತದೆ. ವಿಡಿಯೊ ಮೂಲಕ ಸಾಕ್ಷ್ಯ ದಾಖಲಿಸಲು ಕಾನೂನಿನಲ್ಲಿ ಅವಕಾಶವಿರುವಾಗ ಆಕೆಯನ್ನು ಹಾಗೆ ಹಿಡಿದಿಡುವುದು ನನಗೆ ನ್ಯಾಯವೆನಿಸುವುದಿಲ್ಲ.

ಊರಿಗೆ ಕಳಿಸುವುದೇ ಎಲ್ಲರಿಗೂ ಸರಿಯಾದ ಪರಿಹಾರ ಎಂದು ತಿಳಿಯುವುದೂ ತಪ್ಪು. ಪಲೆರ್ಮೊ ಪ್ರೋಟೊಕಾಲ್ ಮರಳುವಿಕೆ ‘ಆದಷ್ಟು ಸ್ವಇಚ್ಛೆಯಿಂದ’ ಇರಲಿ ಎನ್ನುತ್ತದೆ. ಯುರೋಪ್ ಮಂಡಳಿಯ 2005ರ ಒಡಂಬಡಿಕೆ ಇನ್ನೂ ಗಟ್ಟಿ ಮಾತಾಡಿ, ಸಂತ್ರಸ್ತೆ ಚೇತರಿಸಿಕೊಂಡು ಯೋಚಿಸಲು ಕನಿಷ್ಠ 30 ದಿನ ಕೊಡಬೇಕು, ಆ ಅವಧಿಯಲ್ಲಿ ಗಡೀಪಾರು ಮಾಡುವಂತಿಲ್ಲ ಎಂದು ವಿಧಿಸುತ್ತದೆ. 2014ರಲ್ಲಿ ಇರಾಕಿನ ಸಿಂಜಾರ್ ಪ್ರದೇಶದಲ್ಲಿ ಐಸಿಸ್ ಸಂಘಟನೆ ಅಲ್ಲಿನ ಅಲ್ಪಸಂಖ್ಯಾತ ಧರ್ಮದವರಾದ ಸಾವಿರಾರು ಯಜೀದಿ ಮಹಿಳೆಯರನ್ನು ಹಿಡಿದು ಮಾರಿದಾಗ, ಪಾರಾದವರಿಗೆ ಮರಳಲು ಊರೇ ಉಳಿದಿರಲಿಲ್ಲ. ಆಗ ಜರ್ಮನಿಯ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ ಸುಮಾರು ಒಂದು ಸಾವಿರ ಮಹಿಳೆಯರು ಮತ್ತು ಮಕ್ಕಳನ್ನು ತನ್ನಲ್ಲಿಗೆ ಕರೆಸಿಕೊಂಡಿತು. ಹಾಗೆ ಬಂದವರಲ್ಲಿ ಒಬ್ಬರು ನಾದಿಯಾ ಮುರಾದ್; 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡವರು.

ಪ್ರಶ್ನೆ: ನನ್ನ ತಂಗಿಗೆ ಕೊಲ್ಲಿ ದೇಶದಲ್ಲಿ ಮನೆಕೆಲಸ ಕೊಡಿಸುವುದಾಗಿ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಬಹುದಂತೆ. ಕಳಿಸಬಹುದೇ? (ಉಡುಪಿ ಜಿಲ್ಲೆ)

ಉತ್ತರ: ವಿಸಿಟ್ ವೀಸಾದಲ್ಲಿ ಬೇಡ, ಖಂಡಿತ ಬೇಡ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಕೊಲ್ಲಿ ದೇಶಗಳಲ್ಲಿ ದುಡಿಯಲು ವಲಸೆ ಅನುಮತಿ ಬೇಕು. ಮೂವತ್ತು ವರ್ಷ ತುಂಬದ ಹೆಂಗಸರಿಗೆ ಆ ಅನುಮತಿ ಸಿಗುವುದಿಲ್ಲ. ಇದನ್ನು ತಪ್ಪಿಸಲೆಂದೇ ದಲ್ಲಾಳಿಗಳು ಪ್ರವಾಸಿ ವೀಸಾದ ದಾರಿ ತೋರಿಸುತ್ತಾರೆ. ಇಂಥ ನಿರ್ಬಂಧಗಳ ಬಗ್ಗೆ ನನಗೆ ತಕರಾರಿದೆ. ನೇಪಾಳವೂ 2012ರಲ್ಲಿ ಮೂವತ್ತರೊಳಗಿನ ಹೆಂಗಸರು ಮನೆಕೆಲಸಕ್ಕೆ ಕೊಲ್ಲಿಗೆ ಹೋಗುವುದನ್ನು ನಿಷೇಧಿಸಿತು. ಹೋಗುವವರು ನಿಲ್ಲಲಿಲ್ಲ, ಭಾರತದ ವಿಮಾನ ನಿಲ್ದಾಣಗಳ ಮೂಲಕ ಕದ್ದು ಹೊರಟರು, ಅಲ್ಲಿ ತೊಂದರೆಯಾದಾಗ ಹೆಸರು ದಾಖಲೆಯಲ್ಲೇ ಇರಲಿಲ್ಲ. ಆದರೆ ನಿಯಮ ಸರಿಯಿಲ್ಲವೆಂಬ ನನ್ನ ತಕರಾರು ನಿಮ್ಮ ತಂಗಿಯನ್ನು ಕಾಪಾಡುವುದಿಲ್ಲ.

ಅಲ್ಲಿನ ‘ಕಫಾಲಾ’ ಪದ್ಧತಿಯಲ್ಲಿ ಕೆಲಸದವಳ ವಾಸದ ಪರವಾನಗಿ ಮನೆಯೊಡೆಯನ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಹೊಡೆತ ತಾಳಲಾರದೆ ಓಡಿಹೋದರೂ ಆಕೆಯೇ ‘ಪರಾರಿ’. ಕುವೈತ್ 2015ರಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸ್ 2017ರಲ್ಲಿ ಮನೆಕೆಲಸದವರಿಗಾಗಿ ಕಾನೂನು ಮಾಡಿದವು, ಆದರೆ ವಿಸಿಟ್ ವೀಸಾದಲ್ಲಿ ಹೋದವಳು ಆ ಕಾನೂನಿನ ಕಣ್ಣಿಗೆ ಕೆಲಸದವಳೇ ಅಲ್ಲ. ಮನೆಕೆಲಸವನ್ನು ಕೆಲಸವೆಂದು ಗುರುತಿಸಿ ವಾರದ ರಜೆ, ಲಿಖಿತ ಕರಾರು, ಸ್ವಂತ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಕೊಟ್ಟ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ 189ನೇ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ.

ಆ ಪರಿಚಯದವರು ನೋಂದಾಯಿತ ನೇಮಕಾತಿ ಏಜೆಂಟರೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾತುಕತೆ ಅಲ್ಲಿಗೇ ಮುಗಿಸಿ. ತಂಗಿಗೆ ವಯಸ್ಸಿನ ಅಡ್ಡಿ ಇಲ್ಲದಿದ್ದರೆ, ಸರ್ಕಾರಿ ನೇಮಕಾತಿ ಸಂಸ್ಥೆಯ ಮೂಲಕ, ಸಂಬಳ ಮತ್ತು ಮನೆಯೊಡೆಯನ ವಿಳಾಸ ಬರೆದ ಕರಾರಿನೊಂದಿಗೆ ಕಳಿಸಿ. ಪಾಸ್‌ಪೋರ್ಟ್, ವೀಸಾ, ಕರಾರು ಇವುಗಳ ಪ್ರತಿ ಮನೆಯಲ್ಲಿರಲಿ, ಅಲ್ಲಿನ ಭಾರತೀಯ ದೂತಾವಾಸದ ಸಂಖ್ಯೆ ಅವಳಿಗೆ ಬಾಯಿಪಾಠವಾಗಿರಲಿ. ಒಂದು ವೇಳೆ ಆ ವ್ಯಕ್ತಿ ಈಗಾಗಲೇ ಮುಂಗಡ ಕೊಟ್ಟಿದ್ದರೆ ಅಥವಾ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಿದ್ದರೆ ತಡಮಾಡದೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡಿ, ಮಾನವ ಕಳ್ಳಸಾಗಣೆ ನಿಗ್ರಹ ಘಟಕಕ್ಕೆ ದೂರು ತಲುಪಿಸಬೇಕೆಂದು ಕೇಳಿ.