ಕ್ಷೇತ್ರಗಳು ಎಷ್ಟು ಸಮನಾಗಿರಬೇಕು?

ಪ್ರಶ್ನೆ: 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮತದಾರರಿದ್ದರು, ಶೃಂಗೇರಿಯಲ್ಲಿ ಎರಡು ಲಕ್ಷವೂ ಇರಲಿಲ್ಲ. ಮತದಾರರ ಸಂಖ್ಯೆ ಸಮನಾಗಿರಬೇಕೆಂಬ ನಿಯಮವಿಲ್ಲವೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ನಿಯಮವಿದೆ, ಆದರೆ ಅದು ಲೆಕ್ಕಕ್ಕೆ ಹಿಡಿಯುವುದು ಮತದಾರರನ್ನಲ್ಲ, ಜನಸಂಖ್ಯೆಯನ್ನು. ಸಂವಿಧಾನದ 170ನೇ ವಿಧಿಯ ಪ್ರಕಾರ ರಾಜ್ಯದ ಕ್ಷೇತ್ರಗಳ ಜನಸಂಖ್ಯೆ ಸಾಧ್ಯವಾದ ಮಟ್ಟಿಗೆ ಒಂದೇ ಪ್ರಮಾಣದಲ್ಲಿರಬೇಕು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ 2001ರ ಜನಗಣತಿಯಂತೆ ರಾಜ್ಯದ 5.28 ಕೋಟಿ ಜನರನ್ನು 224 ಕ್ಷೇತ್ರಗಳಿಗೆ ಹಂಚಿದಾಗ ಸರಾಸರಿ ಸುಮಾರು 2.36 ಲಕ್ಷ ಬಂದಿತು. ಶೇ 10ರಷ್ಟು ಹೆಚ್ಚುಕಡಿಮೆಗೆ ಅವಕಾಶವಿತ್ತು. ನಿಮ್ಮ ನೆರೆಯ ಮಸ್ಕಿ ಕ್ಷೇತ್ರ ಹುಟ್ಟಿದ್ದು ಆ ವಿಂಗಡಣೆಯಲ್ಲಿಯೇ. 2008ರಿಂದ ಆ ಗಡಿಗಳೇ ಜಾರಿಯಲ್ಲಿದ್ದು, ಅಷ್ಟರಲ್ಲಿ ಬೆಂಗಳೂರಿನ ಹೊರವಲಯ ಬೆಳೆದುಬಿಟ್ಟಿತು. ನೀವು ಹೇಳುವ ಅಂತರಕ್ಕೆ ಮುಖ್ಯ ಕಾರಣ ಹಳೆಯ ಜನಗಣತಿ.

ಮತದಾರರನ್ನೇ ಆಧಾರವಾಗಿಟ್ಟುಕೊಳ್ಳಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ದೇವದುರ್ಗದ ಕಡೆಯ ಒಂದು ಮನೆಯಲ್ಲಿ ಗಂಡ, ಹೆಂಡತಿ, ಅಜ್ಜಿ ಮತ್ತು ನಾಲ್ವರು ಮಕ್ಕಳಿದ್ದಾರೆನ್ನಿ: ಮತದಾರರು ಮೂವರೇ, ಆದರೆ ಅಂಗನವಾಡಿ, ಶಾಲಾ ಕೊಠಡಿ, ಕುಡಿಯುವ ನೀರು ಬೇಕಾಗಿರುವುದು ಏಳು ಜನಕ್ಕೆ. ಮತದಾರರ ಪಟ್ಟಿಯ ಮೇಲೆ ಗಡಿ ಹಾಕಿದರೆ ಮಕ್ಕಳು ಹೆಚ್ಚಿರುವ ನಮ್ಮ ಭಾಗಕ್ಕೇ ನಷ್ಟ.

ಇನ್ನು ಎಷ್ಟು ಸಮ ಎಂಬುದು. ಬ್ರಿಟನ್ನಿನಲ್ಲಿ ಮತದಾರರನ್ನೇ ಎಣಿಸಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಶೇ 5ರ ಮಿತಿ ಪಾಲಿಸುತ್ತಾರೆ. ನಮ್ಮಲ್ಲಿ ಅಷ್ಟು ಬಿಗಿ ಮಾಡಿದರೆ ಹೋಬಳಿಗಳನ್ನು ಅಲ್ಲಲ್ಲಿ ಸೀಳಬೇಕಾದೀತು. ಈಗಲೇ ಕೊಪ್ಪಳ ಲೋಕಸಭಾ ಕ್ಷೇತ್ರದೊಳಗೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ತುಂಗಭದ್ರೆಯ ಆಚೆಗಿರುವ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೇರಿವೆ. ಸಿರುಗುಪ್ಪದ ರೈತ ಜಿಲ್ಲಾಧಿಕಾರಿಯನ್ನು ಕಾಣಲು ಬಳ್ಳಾರಿಗೆ ಹೋಗಬೇಕು, ಅವನ ಸಂಸದರು ಮಾತ್ರ ಕೊಪ್ಪಳದವರು. ಆದ್ದರಿಂದ ಶೇ 10ರ ಮಿತಿಯನ್ನು ಉಳಿಸಿಕೊಂಡು, ಪ್ರತಿ ಜನಗಣತಿಯ ಬಳಿಕ ತಪ್ಪದೆ ಗಡಿಗಳನ್ನು ಸರಿಪಡಿಸುವುದೇ ಮೇಲು. ಸಂವಿಧಾನದ 2001ರ 84ನೇ ತಿದ್ದುಪಡಿ 2026ರ ನಂತರದ ಮೊದಲ ಜನಗಣತಿಯ ತನಕ ಸ್ಥಾನಗಳ ಸಂಖ್ಯೆಯನ್ನು ಹೆಪ್ಪುಗಟ್ಟಿಸಿತು. 2003ರ 87ನೇ ತಿದ್ದುಪಡಿ 2001ರ ಅಂಕಿಗಳಂತೆ ಒಳಗಡಿಗಳನ್ನಷ್ಟೇ ಬದಲಿಸಲು ಅವಕಾಶ ಕೊಟ್ಟಿತು. ಇಷ್ಟು ದೀರ್ಘ ಬಿಡುವು ತಪ್ಪೆಂದೇ ನನ್ನ ಅಭಿಪ್ರಾಯ.

ಮುಂದಿನ ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆದಾಗ ನಿಮ್ಮ ಊರಿನವರು ಬರವಣಿಗೆಯಲ್ಲಿ ಹಾಜರಾಗಬೇಕು. ಅಂತಿಮ ಆದೇಶ ಹೊರಬಿದ್ದ ಮೇಲೆ 329ನೇ ವಿಧಿಯಿಂದಾಗಿ ನ್ಯಾಯಾಲಯದಲ್ಲಿ ಅದನ್ನು ಪ್ರಶ್ನಿಸುವುದು ಬಹಳ ಕಷ್ಟ.